ಮೆಹರ್ ಆಪಾ ಮನೆಯ ಗಡಸು ನೀರು

ಹೋದ ತಿಂಗಳು ಗೆಳತಿಯೊಬ್ಬಳ ಗೃಹಪ್ರವೇಶಕ್ಕೆ ಚನ್ನಪಟ್ಟಣಕ್ಕೆ ಹೊರಟಿದ್ದೆ. ಬಸ್ಸು ಹೊಸ ಹೆದ್ದಾರಿ ಬಿಟ್ಟು ರಾಮನಗರದ ಒಳಗೆ ಇಳಿಯಿತು. ಸ್ಟೇಷನ್ ಕಡೆಗೆ ತಿರುಗುತ್ತಿದ್ದಂತೆ ಆ ವಾಸನೆ ಕಿಟಕಿಯಿಂದ ನುಗ್ಗಿತು, ಬೆಂದ ರೇಷ್ಮೆಹುಳುವಿನ ವಾಸನೆ. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಪಕ್ಕದಲ್ಲಿ ಕೂತಿದ್ದ ಹುಡುಗಿ "ಮೇಡಂ, ವಿಂಡೋ ಕ್ಲೋಸ್ ಮಾಡಿ ಪ್ಲೀಸ್" ಅಂದಳು. ನಾನು ಮುಚ್ಚುವುದಿರಲಿ, ಇನ್ನಷ್ಟು ತೆರೆದು ಮುಖವನ್ನೇ ಹೊರಗಿಟ್ಟೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ನೋಡಿಕೊಳ್ಳಲಿ. ಆ ವಾಸನೆಯಲ್ಲಿ ನನ್ನ ಬದುಕಿನ ಅತ್ಯಂತ ಗಡಿಬಿಡಿಯ, ಅತ್ಯಂತ ಸಂತೋಷದ ಒಂದು ಬೇಸಿಗೆ ಇದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಆ ವರ್ಷ ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ನಮ್ಮೂರು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ. ಅಲ್ಲಿಂದ ದಿನಾ ಓಡಾಡುವುದು ಆಗದ ಮಾತು. ರಾಮನಗರದಿಂದಾದರೆ ರೈಲು ಹತ್ತಿ ಒಂದು ಮಾತು ಮುಗಿಯುವಷ್ಟರಲ್ಲಿ ಚನ್ನಪಟ್ಟಣ. ಹಾಗಾಗಿ ರಾಮನಗರದಲ್ಲಿ ರೂಮು ಹುಡುಕಿದೆ. ಸಿಕ್ಕಿದ್ದು ಮೆಹರುನ್ನಿಸಾ ಅವರ, ಬೀದಿಯವರೆಲ್ಲ ಅಕ್ಕ ಎಂಬರ್ಥದಲ್ಲಿ ಮೆಹರ್ ಆಪಾ ಎನ್ನುವವರ, ಮನೆಯ ಮಹಡಿ. ವಿಶಾಲವಾದ ರೂಮು, ಎರಡು ಕಿಟಕಿ, ದೂರದಲ್ಲಿ ಬಂಡೆ ಬೆಟ್ಟ. ಇಷ್ಟು ಒಳ್ಳೆಯ ರೂಮು ತಿಂಗಳುಗಟ್ಟಲೆ ಯಾಕೆ ಖಾಲಿ ಬಿದ್ದಿತ್ತು ಅನ್ನುವುದು ಮರುದಿನ ಬೆಳಿಗ್ಗೆ ತಿಳಿಯಿತು. ಕೆಳಗಡೆ ಅವರ ಫಿಲೇಚರ್ ಇತ್ತು. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಎಂಟು ಬೇಸಿನ್‌ನ ಘಟಕ. ಬೆಳಿಗ್ಗೆ ಒಲೆ ಹತ್ತಿಸಿದರೆ ಸಂಜೆವರೆಗೂ ನನ್ನ ರೂಮಿನ ನೆಲ ಬೆಚ್ಚಗೆ, ಗಾಳಿ ಘಾಟು.

ವಾಸನೆಗೆ ನಾಲ್ಕು ದಿನದಲ್ಲಿ ಒಗ್ಗಿಕೊಂಡೆ. ಒಗ್ಗದೇ ಹೋದದ್ದು ನೀರು. ಸೋಪು ತಿಕ್ಕಿದಷ್ಟೂ ನೊರೆಯಿಲ್ಲ, ಮೈಗೆ ಮೊಸರಿನ ಚೂರಿನಂಥ ಬಿಳಿ ಗಸಿ ಅಂಟುತ್ತಿತ್ತು. ವಾರದೊಳಗೆ ನನ್ನ ಜಡೆ ತೆಂಗಿನ ನಾರಾಯಿತು. ತೊಗರಿಬೇಳೆಯನ್ನು ಕುಕ್ಕರಿಗೆ ಹಾಕಿ ಆರು ಸೀಟಿ ಕೂಗಿಸಿದರೂ ಕಾಳು ಕಾಳಾಗಿ ತಟ್ಟೆಯಲ್ಲಿ ಉರುಳಾಡುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ಭಾನುವಾರ ಆ ಸಾರಿನ ಪಾತ್ರೆ ಹಿಡಿದುಕೊಂಡೇ ಕೆಳಗಿಳಿದೆ.

ಮೆಹರ್ ಆಪಾ ಬಾಗಿಲಲ್ಲಿ ಕೂತು ಗೂಡು ಆರಿಸುತ್ತಿದ್ದರು. ಐವತ್ತರ ಆಸುಪಾಸು, ಎತ್ತರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಫಿಲೇಚರ್ ಅನ್ನು ಅವರೇ ನಡೆಸುತ್ತಿದ್ದರು. ಗೂಡಿನ ಮಾರುಕಟ್ಟೆಗೆ ತಾವೇ ಹೋಗಿ, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಹೇಗಿದೆ ಎಂದು ಕೇಳಿಸಿಕೊಂಡು ಕೊಳ್ಳುವವರು.

"ಆಪಾ, ನಿಮ್ಮ ನೀರಲ್ಲಿ ಬೇಳೆ ಬೇಯಲ್ಲ," ಎಂದು ಪಾತ್ರೆ ಮುಂದಿಟ್ಟೆ.

ಅವರು ಪಾತ್ರೆಯೊಳಗೆ ಇಣುಕಿ ಗಹಗಹಿಸಿ ನಕ್ಕರು. "ಅಯ್ಯೋ ಬೇಟಿ, ನಿಂಗೆ ಬೇಳೆ ಬೇಯ್ತಾ ಇಲ್ಲ. ನಂಗೆ ಗೂಡೇ ಬೇಯ್ತಾ ಇಲ್ಲ. ಬಾ ಇಲ್ಲಿ, ತೋರುಸ್ತೀನಿ."

ಒಳಗೆ ಕರೆದುಕೊಂಡು ಹೋಗಿ ಮೊದಲನೇ ಬೇಸಿನ್ ಮುಂದೆ ನಿಲ್ಲಿಸಿದರು. ಅಲ್ಲಿ ಕೆಲಸ ಮಾಡುತ್ತಿದ್ದವರು ಚಿಕ್ಕತಾಯಮ್ಮ, ಮೂವತ್ತು ವರ್ಷದಿಂದ ಬಿಸಿನೀರಲ್ಲಿ ಕೈಯಾಡಿಸಿದ ಹೆಂಗಸು. ತೇಲುವ ಗೂಡುಗಳಿಂದ ಎಂಟು ಎಳೆಗಳನ್ನು ಎತ್ತಿ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಬಿಡುತ್ತಿದ್ದರು. ಎಳೆ ಟಪ್ಪನೆ ಹರಿಯುತ್ತಿತ್ತು. ಮತ್ತೆ ಹುಡುಕಿ ಎತ್ತುತ್ತಿದ್ದರು, ಮತ್ತೆ ಟಪ್. ನಾನು ಅಲ್ಲಿ ನಿಂತ ಸ್ವಲ್ಪ ಹೊತ್ತಿನಲ್ಲಿ ಎಷ್ಟು ಸಲ ಹರಿಯಿತೋ ಲೆಕ್ಕ ತಪ್ಪಿತು.

ವಿಷಯ ಹೀಗಿತ್ತು. ಹಿತ್ತಿಲಿನ ಹಳೆಯ ಬಾವಿಯ ನೀರು ಸಪ್ಪೆ, ಅದರಲ್ಲಿ ಬಿಚ್ಚಿದ ನೂಲಿಗೆ ಒಳ್ಳೆಯ ಹೆಸರಿತ್ತು. ಆ ಬಾವಿ ಬತ್ತಿದ ಮೇಲೆ ಆಪಾ ಬೋರ್ ಕೊರೆಸಿದರು. ನೀರು ಚಿಮ್ಮಿ ಬಂದಾಗ ಬೀದಿಗೆಲ್ಲ ಸಿಹಿ ಹಂಚಿದ್ದರಂತೆ. ಆದರೆ ಆ ನೀರು ಗಡಸು. ಗೂಡಿನ ಎಳೆಗೆ ಸುತ್ತಲೂ ಒಂದು ಅಂಟು ಇರುತ್ತದೆ. ಬಿಸಿನೀರಿನಲ್ಲಿ ಅದು ಹದವಾಗಿ ಮೆತ್ತಗಾದರೆ ಎಳೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಗಡಸು ನೀರಿನಲ್ಲಿ ಅಂಟು ಸಡಿಲವಾಗುವುದಿಲ್ಲ, ಎಳೆ ಹರಿಯುತ್ತದೆ. ಕನಕಪುರದ ನಂಜಪ್ಪ ಎನ್ನುವವರು ಆಪಾ ಅವರಿಂದ ನೂಲು ತೆಗೆದುಕೊಂಡು ಹುರಿ ಮಾಡಿಸಿ ಸೀರೆ ನೇಯುವವರಿಗೆ ಕೊಡುತ್ತಿದ್ದರು. ಎರಡು ಸಲ ಅವರು ನೂಲನ್ನು ವಾಪಸ್ ಕಳಿಸಿದ್ದರು.

"ಫೋನ್ ಮಾಡಿದ್ರು ನಂಜಪ್ಪ," ಅಂದರು ಆಪಾ. "ಹಬ್ಬದೊಳ್ಗೆ ಇನ್ನೊಂದು ಲಾಟು ಕಳ್ಸಿ ಮೆಹರಮ್ಮ, ಅದೂ ಹಿಂಗೇ ಇದ್ರೆ ನನ್ ಕೈಲಾಗಾಕಿಲ್ಲ ಅಂದ್ರು. ಅದೂ ವಾಪಸ್ ಬಂದ್ರೆ ಮುಗೀತು ಬೇಟಿ. ಪ್ಲೈವುಡ್ ಅಂಗ್ಡಿಯವ್ರು ಗೋಡೌನ್‌ಗೆ ಈ ಜಾಗ ಕೇಳ್ತಾ ಅವ್ರೆ. ಒಲೆ ಆರ್ಸಿ ಬೀಗ ಹಾಕಿ ಕೊಟ್ಬುಡ್ತೀನಿ."

ಚಿಕ್ಕತಾಯಮ್ಮ ತಲೆಯೆತ್ತಲಿಲ್ಲ. ಆದರೆ ಅವರ ಕೈ ಒಂದು ಗಳಿಗೆ ನೀರಿನಲ್ಲಿ ನಿಂತದ್ದನ್ನು ನಾನು ನೋಡಿದೆ. ಎಂಟು ಬೇಸಿನ್ ಅಂದರೆ ಎಂಟು ಹೆಂಗಸರು. ಹೊಸ ಮಿಷನ್ ಬಂದ ಕಡೆಯಲ್ಲಿ ಇವರ ವಯಸ್ಸಿನವರನ್ನು ಯಾರೂ ಕರೆಯುತ್ತಿರಲಿಲ್ಲ.

ಆ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಒಟ್ಟೊಟ್ಟಿಗೇ ಬರುವುದರಲ್ಲಿದ್ದವು. ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲವಿತ್ತು. ನನ್ನ ಬಾಯಿ ಯಾವಾಗಲೂ ನನ್ನ ಬುದ್ಧಿಗಿಂತ ನಾಲ್ಕು ಹೆಜ್ಜೆ ಮುಂದೆ. "ಹಬ್ಬದೊಳಗೆ ನೀರು ನಾನು ಸರಿಮಾಡಿಕೊಡ್ತೀನಿ ಆಪಾ," ಎಂದುಬಿಟ್ಟೆ. ಗಡಸು ನೀರಿನ ಪಾಠವನ್ನು ಎರಡು ವರ್ಷದಿಂದ ಬೋರ್ಡಿನ ಮೇಲೆ ಬರೆದು ಬರೆದು ಅಳಿಸುತ್ತಿದ್ದೆ. ಹುಡುಗರು ಆಕಳಿಸುತ್ತಾ ಬರೆದುಕೊಳ್ಳುತ್ತಿದ್ದರು. ಆ ಪಾಠ ನನ್ನ ಕಾಲಡಿಯಲ್ಲೇ ಕುದಿಯುತ್ತಿದೆ ಎಂದು ಗೊತ್ತಾದಾಗ ನನಗಾದ ಸಡಗರವನ್ನು ಏನೆಂದು ಹೇಳಲಿ! ಅರ್ಧ ಬೆಂದ ಬೇಳೆಯನ್ನೇ ಅನ್ನಕ್ಕೆ ಕಲಸಿಕೊಂಡು ತಿಂದು, ಬಾಟಲಿಗೆ ಬೋರ್ ನೀರು ತುಂಬಿಸಿಟ್ಟೆ.

ಸೋಮವಾರ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೆ. ನೀರಿಗೆ ಬಣ್ಣದ ಸೂಚಕ ಹಾಕಿದರೆ ದ್ರಾಕ್ಷಿ ರಸದ ಕೆಂಪು ಬರುತ್ತದೆ. ಮೇಲಿನ ಬ್ಯುರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತಾ ಹೋಗಬೇಕು. ಗಡಸುತನವೆಲ್ಲ ಮುಗಿದಾಗ ಕೆಂಪು ಹೋಗಿ ನೀಲಿ ಬರುತ್ತದೆ. ನಾನು ಬಿಟ್ಟೆ, ಬಿಟ್ಟೆ, ಬಿಡುತ್ತಲೇ ಇದ್ದೆ. ಬ್ಯುರೆಟ್ಟು ಖಾಲಿಯಾಗುತ್ತಾ ಬಂತು, ನೀರು ಮಾತ್ರ ಜಪ್ಪಯ್ಯ ಅನ್ನದೆ ಕೆಂಪಗೇ ಇತ್ತು. ಅಟೆಂಡರು "ಮೇಡಂ, ಇದೇನು ನೀರೋ ಸಿಮೆಂಟೋ?" ಅಂದರು.

ಮೊದಲು ಕುದಿಸಿ ನೋಡಿದೆವು. ಒಂದು ಹಂಡೆ ನೀರು ಕುದಿಸಿ ಆರಿಸಿದರೆ ತಳದಲ್ಲಿ ಬಿಳಿ ಪುಡಿ ಕೂರುತ್ತಿತ್ತು. ಸ್ವಲ್ಪ ಇಳಿಯಿತು, ಸಾಲಲಿಲ್ಲ. ಕುದಿಸಿದರೆ ಹೋಗುವ ಗಡಸು ಒಂದು ಜಾತಿ, ಎಷ್ಟು ಕುದಿಸಿದರೂ ಜಗ್ಗದ್ದು ಇನ್ನೊಂದು ಜಾತಿ. ಬೋರ್ ನೀರಲ್ಲಿ ಎರಡೂ ಇದ್ದವು. ಮೇಲಾಗಿ ಸೌದೆಯೂ ದಂಡ. ಆಮೇಲೆ ಸುಣ್ಣದ ತಿಳಿ ಹಾಕಿದೆ. ಡ್ರಮ್ಮಿನಲ್ಲಿ ಮೋಡದಂತೆ ಬಿಳುಪು ಎದ್ದು ತಳಕ್ಕಿಳಿಯಿತು, ನಾನು ಚಪ್ಪಾಳೆ ಹೊಡೆದೆ. ಆದರೆ ಒಂದು ದಿನ ಒಂದು ಹಿಡಿ ಹೆಚ್ಚು, ಒಂದು ದಿನ ಕಡಿಮೆ. ದಿನಾ ಅಷ್ಟು ಡ್ರಮ್ಮು ತಿಳಿಯಾಗುವುದನ್ನು ಕಾಯುತ್ತಾ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ.

ನಡುವೆ ಒಬ್ಬ ಬೈಕಿನಲ್ಲಿ ಬಂದ. ಪೈಪಿಗೆ ಅಯಸ್ಕಾಂತದ ಬಳೆ ತೊಡಿಸಿದರೆ ಸಾಕು, ನೀರು ಹಾದು ಹೋಗುವಾಗ ತಾನಾಗಿ ಮೆದುವಾಗುತ್ತದೆ ಎಂದು ಬಣ್ಣದ ಚಿತ್ರ ತೋರಿಸಿದ. ಆಪಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನಪ್ಪಾ, ಪೈಪ್‌ಗೆ ತಾಯಿತಾನಾ? ದೃಷ್ಟಿ ಬಿದ್ದೈತಾ?" ಅಂದರು. ಅವನ ಮುಖ ಸಪ್ಪಗಾಯಿತು. ಆದರೂ ನಾನು ಎರಡು ದಿನಕ್ಕೆ ಇಸಿದುಕೊಂಡು ಹಾಕಿ ಪರೀಕ್ಷೆ ಮಾಡಿದೆ. ನೀರು ಇದ್ದ ಹಾಗೇ ಇತ್ತು. ಬಳೆ ವಾಪಸ್ ಕೊಟ್ಟೆವು.

ಕೊನೆಗೆ ಸಾಫ್ಟ್‌ನರ್ ತರಿಸಿದೆವು. ಆಳೆತ್ತರದ ನೀಲಿ ಸಿಲಿಂಡರು, ಒಳಗೆ ರಾಗಿ ಕಾಳಿನಷ್ಟೇ ಸಣ್ಣ ಹಳದಿ ರೆಸಿನ್ ಮಣಿಗಳು. ಗಡಸು ನೀರು ಆ ಮಣಿಗಳ ನಡುವೆ ಇಳಿಯುವಾಗ ಸುಣ್ಣದಂಶವನ್ನು ಮಣಿಗಳು ಹಿಡಿದುಕೊಂಡು ಬದಲಿಗೆ ಉಪ್ಪಿನ ಅಂಶವನ್ನು ಬಿಟ್ಟುಕೊಡುತ್ತವೆ. ಮಣಿಗಳು ದಣಿದಾಗ ಕಲ್ಲುಪ್ಪು ಕರಗಿಸಿದ ನೀರು ಹಾಯಿಸಿದರೆ ಮತ್ತೆ ಚುರುಕಾಗುತ್ತವೆ. ನಾನು ಚೀಲ ಬಿಚ್ಚಿ ಉಪ್ಪು ಸುರಿಯುವುದನ್ನು ಕಂಡು ಆಪಾ ತಲೆ ಮೇಲೆ ಕೈ ಹೊತ್ತರು.

"ಉಪ್ನೀರು ಹೋಗ್ಲಿ ಅಂತ ಉಪ್ಪು ಹಾಕ್ತೀಯಾ? ಯಾವ್ ಕಾಲೇಜಲ್ಲಿ ಹೇಳ್ಕೊಟ್ರು ನಿಂಗೆ ಇದ್ನ?"

"ಕುಡಿದು ನೋಡಿ ಆಪಾ, ಆಮೇಲೆ ಮಾತಾಡಿ," ಎಂದು ನಲ್ಲಿಯಿಂದ ಮೊದಲ ಲೋಟ ಹಿಡಿದು ಅವರ ಬಾಯಿಯ ಹತ್ತಿರ ತಂದೆ.

"ರೋಜಾ ಹಿಡ್ದಿದ್ದೀನಿ ಕಣೇ ಪುಣ್ಯಾತ್ಗಿತ್ತಿ!" ಎಂದು ಹಿಂದೆ ಸರಿದರು. ನಾನು ನಾಲಗೆ ಕಚ್ಚಿಕೊಂಡೆ. ಹೊರಗೆ ಬಂಡೆಗಳೆಲ್ಲ ಕಾದು ಕೆಂಡವಾಗಿದ್ದವು. ಆ ಸೆಕೆಯಲ್ಲಿ, ಒಲೆಗಳ ನಡುವೆ, ರಂಜಾನ್ ಉಪವಾಸವಿದ್ದು ಹನಿ ನೀರೂ ಕುಡಿಯದೆ ದಿನವಿಡೀ ಓಡಾಡುತ್ತಿದ್ದ ಹೆಂಗಸಿನ ಮುಂದೆ ತಣ್ಣನೆಯ ಲೋಟ ಹಿಡಿದಿದ್ದೆ. ಆ ಲೋಟವನ್ನು ಚಿಕ್ಕತಾಯಮ್ಮ ತೆಗೆದುಕೊಂಡರು. ಒಂದು ಗುಟುಕು ಕುಡಿದು, ಉಳಿದದ್ದಕ್ಕೆ ಬೆರಳಿಟ್ಟು ಹೆಬ್ಬೆರಳಿಂದ ಉಜ್ಜಿದರು. "ನುಣ್ಣಗೈತೆ," ಅಂದರು. ಆಮೇಲೆ ತಡೆದು, "ಒಸಿ ಜಾಸ್ತಿನೇ ನುಣ್ಣಗೈತೆ," ಅಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಲ್ಯಾಬಿಗೆ ಒಯ್ದೆ. ಸೂಚಕ ಹಾಕಿದ ಕೂಡಲೇ ನೀಲಿ. ಬ್ಯುರೆಟ್ಟು ತಿರುಗಿಸುವ ಅಗತ್ಯವೇ ಬರಲಿಲ್ಲ! ಗಡಸುತನ ಸೊನ್ನೆ. ಅವತ್ತು ರೈಲಿನಲ್ಲಿ ಗುರುತಿಲ್ಲದವರಿಗೂ ಹೇಳಿಕೊಂಡು ಬಂದೆ. ರೂಮಿಗೆ ಬಂದು ತಲೆಗೆ ಸ್ನಾನ ಮಾಡಿದರೆ ನೊರೆ ಹೋಗುವುದೇ ಇಲ್ಲ. ಎರಡೇ ಸೀಟಿಗೆ ಬೇಳೆ ಹಣ್ಣು ಹಣ್ಣು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಫಿಲೇಚರಿಗೆ ಇಳಿದೆ. ಹೊಸ ನೀರಿಗೆ ಹಳೆಯ ಕೊಳೆ ಯಾಕೆ? ಎಂಟೂ ಬೇಸಿನ್ ತಿಕ್ಕಿ ತೊಳೆದೆ. ಮೂಲೆಯಲ್ಲಿ ಒಂದು ದೊಡ್ಡ ಕೊಡದ ತುಂಬ ಚಹಾದ ಬಣ್ಣದ, ಗಬ್ಬು ನಾರುವ ಹಳೆಯ ನೀರು ಮುಚ್ಚಿಟ್ಟಿದ್ದರು. ಹಿಂದಿನ ದಿನ ಹುಳು ಬೆಂದು ಬಸಿದ ನೀರು. ಮೂಗು ಮುಚ್ಚಿಕೊಂಡು ಅದನ್ನೂ ಚರಂಡಿಗೆ ಸುರಿದು ಕೊಡವನ್ನು ಬೂದಿ ಹಾಕಿ ಬೆಳಗಿಟ್ಟೆ. ಚಿಕ್ಕತಾಯಮ್ಮ ಬಂದವರು ಖಾಲಿ ಕೊಡವನ್ನು ನೋಡಿದರು, ನನ್ನನ್ನು ನೋಡಿದರು. ಏನೋ ಹೇಳಲು ಹೊರಟವರು "ಆಗ್ಲಿ ಮೇಡಮ್ಮೋರೆ," ಎಂದು ಕೂತರು.

ಎಳೆ ಹರಿಯಲೇ ಇಲ್ಲ! ಗೂಡಿನಿಂದ ಸುಯ್ಯನೆ ಬಿಚ್ಚಿಕೊಂಡು ರಾಟೆಗೆ ಓಡುತ್ತಿತ್ತು. ಬೇಸಿನ್ ಬೇಸಿನ್‌ಗೂ ನಗು, ಮಾತು. ಆಪಾ ನನ್ನ ಕೆನ್ನೆ ಹಿಂಡಿದರು. ಎರಡು ದಿನ ಹಾಗೇ ನಡೆಯಿತು. ಕೊನೇ ಲಾಟಿಗೆಂದು ಆಪಾ ಆರಿಸಿ ಒಣಗಿಸಿಟ್ಟಿದ್ದ ಗೂಡಿನಲ್ಲಿ ಅರ್ಧ ಮುಗಿಯಿತು.

ಮೂರನೇ ದಿನ ನೂಲನ್ನು ದೊಡ್ಡ ರಾಟೆಗೆ ಸುತ್ತಿ ಲಡಿ ಮಾಡುವಾಗ ಆಪಾ ಕೂಗಿದರು. ಓಡಿಹೋಗಿ ನೋಡಿದೆ. ಹೊಳೆಯಬೇಕಾದ ನೂಲು ಮಂಕಾಗಿ, ಹತ್ತಿಯ ಹಾಗೆ ಜುಂಗು ಜುಂಗಾಗಿ ಎದ್ದಿತ್ತು. ಆಪಾ ಒಂದು ನೂಲನ್ನು ಉಗುರಿನ ನಡುವೆ ಉಜ್ಜಿದರು. ಎಂಟು ಎಳೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆ ಬೇರೆಯಾಗಿ ಬಿಚ್ಚಿಕೊಂಡವು.

"ಅಂಟೇ ಇಲ್ಲ," ಅಂದರು ಆಪಾ. "ಇದು ಮುಂಚಿಂದಕ್ಕಿಂತ ಹಾಳಾಯ್ತಲ್ಲ ಬೇಟಿ."

ಆ ಕ್ಷಣ ನಾನು ಆಡಿದ ಮಾತು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ. "ನೀರಲ್ಲಿ ಏನೂ ತಪ್ಪಿಲ್ಲ. ಇವರು ಗೂಡನ್ನ ಜಾಸ್ತಿ ಬೇಯಿಸಿದ್ದಾರೆ. ಚಿಕ್ಕತಾಯಮ್ಮ, ನಿಮಗೆ ಹೊಸ ನೀರಿನ ಹದ ಗೊತ್ತಾಗಲಿಲ್ಲ," ಎಂದುಬಿಟ್ಟೆ, ಎಂಟೂ ಜನರ ಮುಂದೆ. ಚಿಕ್ಕತಾಯಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬುತ್ತಿ ಚೀಲ ತೆಗೆದುಕೊಂಡು ಹೊರಟರು. ಮರುದಿನ ಬರಲಿಲ್ಲ. ಮೊದಲನೇ ಬೇಸಿನ್ ಖಾಲಿ ಉಳಿಯಿತು. ಆಪಾ ನನಗೆ ಬೈದಿದ್ದರೆ ಚೆನ್ನಾಗಿತ್ತು. ಗೋಡೌನಿನವರಿಗೆ ಫೋನಿನಲ್ಲಿ "ಹಬ್ಬ ಆಗ್ಲಿ, ಬಂದು ಜಾಗ ನೋಡ್ಕಂಡ್ ಹೋಗಿ," ಅನ್ನುತ್ತಿದ್ದುದು ಮೆಟ್ಟಿಲ ಮೇಲೆ ನಿಂತಿದ್ದ ನನಗೆ ಕೇಳಿಸಿತು.

ನನ್ನ ಸಿಟ್ಟೆಲ್ಲ ಇಳಿದದ್ದು ಲ್ಯಾಬಿನಲ್ಲಿ. ನನ್ನ ಮೆದು ನೀರನ್ನು ಹಾಗೇ ಪರೀಕ್ಷಿಸಿದ್ದೆನೇ ಹೊರತು ಕುದಿಸಿ ನೋಡಿರಲೇ ಇಲ್ಲ. ಗೂಡು ಬೇಯುವುದು ತಣ್ಣೀರಿನಲ್ಲಲ್ಲವಲ್ಲ! ಕುದಿಸಿ ಆರಿಸಿ, ಕ್ಷಾರ ಇದ್ದರೆ ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿದೆ. ಗುಲಾಬಿ! ಕಣ್ಣಿಗೆ ಹೊಡೆಯುವ ಗುಲಾಬಿ. ಮಣಿಗಳು ಸುಣ್ಣದಂಶ ಹಿಡಿದುಕೊಂಡು ಬಿಟ್ಟಿದ್ದು ಒಂದು ಬಗೆಯ ಸೋಡವನ್ನು. ಕುದಿದಾಗ ಅದರ ಕ್ಷಾರ ಏರಿ ನೂಲಿನ ಅಂಟನ್ನೆಲ್ಲ ತಿಂದುಹಾಕಿತ್ತು. ಬಣ್ಣ ಹಾಕುವವರು ಅಂಟು ಬಿಡಿಸಲು ಬೇಕೆಂದೇ ಸೋಡದಲ್ಲಿ ಕುದಿಸುತ್ತಾರೆ. ನಾನು ನೂಲು ಆಗುವ ಮೊದಲೇ ಆ ಕೆಲಸ ಮುಗಿಸಿದ್ದೆ. ಕಾಲೇಜಿನ ಲೈಬ್ರರಿಯಿಂದ ತಂದಿದ್ದ ರೇಷ್ಮೆ ಪುಸ್ತಕ ತೆಗೆದು, ನಾನು ಓದು ನಿಲ್ಲಿಸಿದ್ದ ಕಡೆಯಿಂದ ಮುಂದಿನ ಪುಟ ತಿರುಗಿಸಿದರೆ ಅಲ್ಲೇ ಇತ್ತು: ನೂಲು ಬಿಚ್ಚುವ ನೀರಿಗೆ ತುಸು ಗಡಸುತನ ಇರಲೇಬೇಕು, ಎಳೆಗಳು ಒಂದಕ್ಕೊಂದು ಕೂಡಿಕೊಳ್ಳಲು ಅದು ಬೇಕು. ಆ ಪುಟವನ್ನು ನಾನು ಓದಿರಲಿಲ್ಲ. ಚಿಕ್ಕತಾಯಮ್ಮ ಬೆರಳಲ್ಲಿ ಮುಟ್ಟಿ ಅದನ್ನೇ ಹೇಳಿದ್ದರು.

ರೈಲಿಳಿದವಳು ಸೀದಾ ಐಜೂರಿನಲ್ಲಿದ್ದ ಚಿಕ್ಕತಾಯಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಬಾಯಲ್ಲಿ ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ಮರೆತುಹೋಯಿತು.

"ತಪ್ಪು ನಂದು. ನೀವು ಜಾಸ್ತಿ ಬೇಯಿಸಿರಲಿಲ್ಲ. ನೀರೇ ಸರಿಯಿರಲಿಲ್ಲ," ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಆ ಕೊಡದ ನೀರು ಸುರ್ದುಬುಟ್ರಲ್ಲ, ಅದೇ ನಂಗೆ ಹೊಟ್ಟೆ ಉರ್ದಿದ್ದು," ಅಂದರು. "ನೀವು ಕಲ್ತೋರು, ಬಯ್ದ್ರೆ ಬಯ್ಕಳಿ. ಅದು ಗಲೀಜಲ್ಲ ಮೇಡಮ್ಮೋರೆ. ದಿನಾ ಒಂದು ಕೊಡ ಹುಳಿನ್ ನೀರು ಉಳ್ಸ್ಕಂಡು ಮಾರ್ನೆ ದಿನದ ಹೊಸ ನೀರ್ಗೆ ಬೆರುಸ್ತೀವಿ. ಮೊಸ್ರಿಗೆ ಹೆಪ್ಪಾಕಾಕಿಲ್ವಾ, ಹಂಗೆ. ಅದಿದ್ರೆ ನೀರಿನ್ ಖಾರ ಸಾಯ್ತದೆ."

ಹುಳುವಿನ ನೀರು ತುಸು ಹುಳಿ. ಅದು ಸೋಡದ ಖಾರವನ್ನು ಮುರಿಯುತ್ತದೆ. ನಾನು ಹತ್ತು ಸಾಲಿನ ಸಮೀಕರಣದಲ್ಲಿ ಬರೆಯುವುದನ್ನು ಅವರು ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು.

"ಅಲ್ಲ, ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ನೀವು ಕೇಳ್ಲೇ ಇಲ್ವಲ್ಲ."

ನನಗೆ ಅಳು ಬಂತು, ತಡೆಯದೆ ಅತ್ತೆ. ಅವರು ಸೊಪ್ಪಿನ ಮೊರ ಪಕ್ಕಕ್ಕಿಟ್ಟು, "ಥೂ, ಯಾಕವ್ವ ಅಳ್ತೀಯ, ಎದ್ದೇಳು. ಹಬ್ಬಕ್ಕೆ ಇನ್ನೂ ದಿನ ಅವೆ," ಎಂದು ಚಪ್ಪಲಿ ಮೆಟ್ಟಿದರು. ಮೇಡಮ್ಮೋರು ಹೋಗಿ ಅವ್ವ ಆಗಿದ್ದೆ. ಅದೊಂದು ಮಾತಿಗೆ ನನ್ನ ಮೈಯಲ್ಲಿ ಮತ್ತೆ ಹುರುಪು ಹುಟ್ಟಿತು.

ದಾರಿಯಲ್ಲಿ ಇನ್ನೊಂದು ಫಿಲೇಚರಿಗೆ ಹೊಕ್ಕು, ಪರಿಚಯದವರಿಂದ ಒಂದು ಕೊಡ ಹುಳುವಿನ ನೀರನ್ನು ಹೆಪ್ಪು ಕೇಳುವಂತೆಯೇ ಕೇಳಿ ಇಸಿದುಕೊಂಡರು. ಮರುದಿನ ನಾನು ಕಾಲೇಜಿಗೆ ರಜೆ ಹಾಕಿದೆ. ಹಿಂದಿನ ಸಂಜೆ ಕಾಲೇಜು ಬಿಡುವಾಗಲೇ ಪ್ರಿನ್ಸಿಪಾಲರಿಗೆ ಹೇಳಿ ಲ್ಯಾಬಿನ ಬ್ಯುರೆಟ್ಟನ್ನು ಟವೆಲಿನಲ್ಲಿ ಸುತ್ತಿ, ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ತಂದಿದ್ದೆ.

ಫಿಲೇಚರಿನ ಕಟ್ಟೆಯ ಮೇಲೆ ಐದು ಸ್ಟೀಲ್ ಲೋಟ ಸಾಲಾಗಿಟ್ಟೆ. ಐದರಲ್ಲೂ ಮೆದು ನೀರಿಗೆ ಬೋರ್ ನೀರನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ್ದೆ. ಯಾವುದರಲ್ಲಿ ಎಷ್ಟು ಎಂದು ಲೋಟದ ತಳಕ್ಕೆ ಚೀಟಿ ಅಂಟಿಸಿದ್ದೆ, ಚಿಕ್ಕತಾಯಮ್ಮನಿಗೆ ಕಾಣದಂತೆ. ಎಂಟು ಬೇಸಿನ್‌ನವರೂ ಸುತ್ತ ನೆರೆದರು. ಆಪಾ ಜಪದ ತಸ್ಬಿಯನ್ನು ಕೈಯಲ್ಲಿ ಹಿಡಿದು ಮಣಿ ಎಣಿಸುವುದನ್ನೇ ಮರೆತು ನಿಂತಿದ್ದರು.

ಚಿಕ್ಕತಾಯಮ್ಮ ಮೊದಲನೇ ಲೋಟಕ್ಕೆ ಬೆರಳಿಟ್ಟು ಉಜ್ಜಿದರು. "ಊಹೂಂ, ಜಾರ್ತದೆ." ಎರಡನೆಯದು. "ಇದೂ ಜಾರ್ತದೆ." ಐದನೆಯದಕ್ಕೆ ಹೋದರು. "ಇದು ನಮ್ ಹಳೇ ಬೋರೇ, ಹಿಡಿತದೆ." ಮೂರು ಮತ್ತು ನಾಲ್ಕರ ನಡುವೆ ಬಹಳ ಹೊತ್ತು ಆಡಿದರು. ಒಂದೊಂದು ಹನಿ ನಾಲಗೆಗೂ ಹಾಕಿಕೊಂಡರು. ಯಾರೋ ಕೆಮ್ಮಿದರೆ ಆಪಾ "ಶ್ಶ್!" ಅಂದರು. ಕೊನೆಗೆ ಮೂರನೇ ಲೋಟವನ್ನು ನನ್ನ ಕಡೆ ತಳ್ಳಿದರು.

"ಇದು ಹಳೇ ಬಾವಿ ನೀರ್ನಂಗೈತೆ."

ಆ ನೀರಿಗೆ ಸೂಚಕ ಹಾಕಿದೆ, ಕೆಂಪು. ಬ್ಯುರೆಟ್ಟಿನ ಹನಿ ಬಿಡತೊಡಗಿದೆ. ಹನಿ, ಹನಿ, ಹನಿ... ಕೆಂಪು ನೇರಳೆಯಾಯಿತು, ಇನ್ನೊಂದು ಹನಿಗೆ ನೀಲಿ! ಗೆರೆ ನೋಡಿ ಲೆಕ್ಕ ಹಾಕಿದೆ. ಪುಸ್ತಕ ಹೇಳಿದ ಹದದೊಳಗೇ ಇತ್ತು. "ಸರಿಯಾಗಿದೆ! ಸರಿಯಾಗಿದೆ ಆಪಾ!" ಎಂದು ಕಿರುಚಿ ನೆಗೆದ ರಭಸಕ್ಕೆ ನಾಲ್ಕನೇ ಲೋಟ ಉರುಳಿತು. ಮೂರನೇ ಲೋಟದ ತಳದ ಚೀಟಿ ತೆಗೆದು ಓದಿದೆ: ಮೂರು ಕೊಡ ಮೆದು ನೀರಿಗೆ ಒಂದು ಕೊಡ ಬೋರ್ ನೀರು. ಹೆಂಗಸರೆಲ್ಲ ಹೋ ಎಂದರು. ಚಿಕ್ಕತಾಯಮ್ಮ ಮಾತ್ರ ನನ್ನ ಬ್ಯುರೆಟ್ಟನ್ನು ಅನುಮಾನದಿಂದ ನೋಡುತ್ತಾ, "ಇದೂ ಪರ್ವಾಗಿಲ್ಲ, ಸರಿಯಾಗೇ ಹೇಳ್ತದೆ," ಅಂದರು.

ಅವತ್ತಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ನಾನು ಕಾಲೇಜಿಗೆ ಹೊರಡುವ ಮೊದಲು ಕೆಳಗಿಳಿದು ಕೊಡ ಎಣಿಸಿ ಬೆರೆಸುವುದು, ಚಿಕ್ಕತಾಯಮ್ಮ ಹುಳುವಿನ ನೀರು ಹಾಕಿ ಬೆರಳಿಟ್ಟು ಒಪ್ಪಿಗೆ ಕೊಡುವುದು. ಕೆಲವು ದಿನ ನನ್ನ ಅಳತೆ ಸರಿಯಿದ್ದರೂ ಅವರು ಒಂದು ಚೊಂಬು ಬೋರ್ ನೀರು ಸೇರಿಸುತ್ತಿದ್ದರು. ರೆಸಿನ್ನಿಗೆ ಹೊಸದಾಗಿ ಉಪ್ಪು ಕೊಟ್ಟ ಮಾರನೇ ದಿನ ಹಾಗಾಗುತ್ತಿತ್ತು. ಹೊಸದಾಗಿ ಚುರುಕಾದ ಮಣಿಗಳು ಅವತ್ತು ನೀರನ್ನು ಇನ್ನಷ್ಟು ಮೆದು ಮಾಡುತ್ತವೆ ಎಂದು ನನಗೆ ಹೊಳೆಯಲು ಒಂದು ವಾರ ಬೇಕಾಯಿತು. ಉಳಿದಿದ್ದ ಅರ್ಧ ಗೂಡಿನಲ್ಲೇ ಲಾಟು ಮುಗಿಯಬೇಕಿತ್ತು, ಒಂದು ಗೂಡೂ ದಂಡವಾಗುವಂತಿರಲಿಲ್ಲ. ಎಂಟೂ ಜನ ಮಾತಿಲ್ಲದೆ ಕೆಲಸ ಮಾಡಿದರು. ಹಬ್ಬಕ್ಕೆ ಮೂರು ದಿನ ಇರುವಾಗ ಲಡಿಗಳು ತಯಾರಾದವು. ಹೊಳಪು ಬಂದಿತ್ತು. ಆಪಾ ಉಗುರಲ್ಲಿ ಉಜ್ಜಿದರು, ಎಳೆ ಬಿಚ್ಚಿಕೊಳ್ಳಲಿಲ್ಲ. ಆದರೆ ಉಗುರಿನ ಪರೀಕ್ಷೆ ಬೇರೆ, ಮಿಷನ್ನಿನ ಪರೀಕ್ಷೆ ಬೇರೆ ಎಂದು ಎಲ್ಲರಿಗೂ ಗೊತ್ತಿತ್ತು.

ಲಡಿಗಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕನಕಪುರದ ಬಸ್ಸು ಹತ್ತಿದೆವು, ಆಪಾ, ಚಿಕ್ಕತಾಯಮ್ಮ, ನಾನು. ದಾರಿಯುದ್ದಕ್ಕೂ ಗಂಟು ಚಿಕ್ಕತಾಯಮ್ಮನ ಮಡಿಲಲ್ಲಿತ್ತು. ಮೂವತ್ತು ವರ್ಷ ನೂಲು ಬಿಚ್ಚಿದ್ದರೂ ಆ ನೂಲು ಎಲ್ಲಿಗೆ ಹೋಗುತ್ತದೆ ಎಂದು ಅವರು ನೋಡಿರಲಿಲ್ಲವಂತೆ.

ನಂಜಪ್ಪ ಕಟ್ಟುನಿಟ್ಟಿನ ಮನುಷ್ಯ. ಕುಶಲ ಕೇಳಿದರು, ಚಹಾ ತರಿಸಿದರು, ಮಾತು ಬೆಳೆಸದೆ ಒಂದು ಲಡಿ ತೆಗೆದು ಸುತ್ತುವ ಮಿಷನ್ನಿಗೆ ತಾವೇ ಏರಿಸಿದರು. ಅಲ್ಲಿ ನೂಲು ಲಡಿಯಿಂದ ಬಿಚ್ಚಿಕೊಂಡು ಕಂಡಿಕೆ ಎನ್ನುವ ಸಣ್ಣ ಕೊಳವೆಗೆ ಸುತ್ತಿಕೊಳ್ಳುತ್ತದೆ. ನೂಲು ಹರಿದರೆ ಆ ಕಂಡಿಕೆ ನಿಲ್ಲುತ್ತದೆ. ಹೋದ ಲಾಟುಗಳಲ್ಲಿ ಕಂಡಿಕೆ ತಿರುಗಿದ್ದಕ್ಕಿಂತ ನಿಂತದ್ದೇ ಹೆಚ್ಚು ಎಂದು ಮಿಷನ್ ಹತ್ತಿರವಿದ್ದ ಹುಡುಗಿ ಮೊದಲೇ ಹೇಳಿ ನಮ್ಮ ಜೀವ ತೆಗೆದಿದ್ದಳು.

ಮಿಷನ್ ಶುರುವಾಯಿತು. ಲಡಿ ಗಿರ್ರನೆ ತಿರುಗಿತು. ಅಷ್ಟರಲ್ಲೇ ಟಪ್, ಕಂಡಿಕೆ ನಿಂತಿತು. ನಂಜಪ್ಪ ಗಂಟು ಹಾಕಿ ಮತ್ತೆ ಬಿಟ್ಟರು. ಆಪಾ ಕಣ್ಣು ಮುಚ್ಚಿದ್ದರು, ತುಟಿ ಆಡುತ್ತಿತ್ತು. ಕಂಡಿಕೆ ತಿರುಗಿತು, ತಿರುಗುತ್ತಲೇ ಇತ್ತು. ಚಹಾ ಕೆನೆಗಟ್ಟಿತು; ಆಪಾ ಕುಡಿಯುವ ಹಾಗಿರಲಿಲ್ಲ, ನಮ್ಮಿಬ್ಬರಿಗೆ ಅದರ ನೆನಪೇ ಇರಲಿಲ್ಲ. ಲಡಿ ತೆಳ್ಳಗಾಗುತ್ತಾ ಬಂತು. ಕೊನೆಯ ಸುತ್ತೂ ಬಿಚ್ಚಿಕೊಂಡು ನೂಲಿನ ತುದಿ ಗಾಳಿಯಲ್ಲಿ ಹಾರಿತು. ಮತ್ತೆ ಒಂದು ಸಲವೂ ನಿಂತಿರಲಿಲ್ಲ!

ನಂಜಪ್ಪ ತುಂಬಿದ ಕಂಡಿಕೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಲಡಿಯನ್ನು ಏರಿಸಲೇ ಇಲ್ಲ. "ಪೂರಾ ಲಾಟು ಇಳ್ಸ್ಕಳ್ರೋ," ಎಂದು ಒಳಗೆ ಕೂಗಿ, ನಮ್ಮ ಕಡೆ ತಿರುಗಿದರು. "ಏನಾಕುದ್ರಿ ನೀರ್ಗೆ?"

ನಾನು ಬಾಯಿ ತೆರೆದೆ. ರೆಸಿನ್ನು, ಕ್ಷಾರ, ಸಮೀಕರಣ ಎಲ್ಲ ನಾಲಗೆಯ ತುದಿಗೆ ಬಂದಿದ್ದವು. ಬದುಕಿನಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಚಿಕ್ಕತಾಯಮ್ಮನ ಕಡೆ ನೋಡಿದೆ.

ಅವರು ಆ ಕಂಡಿಕೆಯನ್ನು ನಂಜಪ್ಪನ ಕೈಯಿಂದ ಇಸಿದುಕೊಂಡು, ಅದರ ಮೇಲೆ ಬೆರಳಾಡಿಸುತ್ತಾ ಹೇಳಿದರು: "ಅಳ್ತೆ ಈ ಮಗ ಬರ್ಕೊಡ್ತಾಳೆ ಸ್ವಾಮಿ. ಆದ್ರೆ ಬರ್ದಿದ್ ನೋಡುದ್ರೆ ಬರಾಕಿಲ್ಲ, ಕೈ ಹಾಕ್ಬೇಕು. ಹಬ್ಬ ಕಳ್ದ್ ಮ್ಯಾಲೆ ನಮ್ ಫಿಲೇಚರ್‌ಗೆ ಬನ್ನಿ, ತೋರುಸ್ತೀನಿ."

ಹಬ್ಬ ಕಳೆದ ಮೇಲೆ ಫಿಲೇಚರ್ ಇರುತ್ತದೆಯೇ ಇಲ್ಲವೇ ಎಂದು ಅಲ್ಲಿಯವರೆಗೆ ನಮ್ಮ ಮೂವರಲ್ಲಿ ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಗೋಡೌನಿನವರು ಹಬ್ಬದ ಮರುದಿನ ಜಾಗ ನೋಡಲು ಬರುವವರಿದ್ದರು. ನಾನು ಆಪಾ ಅವರ ಮುಖ ನೋಡಿದೆ. ಅವರು ಚಿಕ್ಕತಾಯಮ್ಮನನ್ನೇ ನೋಡುತ್ತಿದ್ದರು. ಆಮೇಲೆ ಆಪಾ ನಂಜಪ್ಪನ ಕಡೆ ತಿರುಗಿದರು.

"ಬನ್ನಿ ನಂಜಪ್ಪಾರೆ," ಅಂದರು. "ಒಲೆ ಉರೀತಾ ಇರ್ತದೆ."